ಸುಳಿ ನೋಡಿ ತಂದ ಪುಸ್ತಕ

೨ ಜನವರಿ ೧೯೮೮, ಶನಿವಾರ

ಪಶು ಆಹಾರದ ಕಂಪನಿಯವರು ಕೊಟ್ಟ ಈ ಡೈರಿಯ ಮೊದಲ ಪುಟದಲ್ಲಿ ಒಂದು ಎಮ್ಮೆಯ ಚಿತ್ರವಿದೆ. ಚಿತ್ರ ಬರೆದವನಿಗೆ ಕೊಂಬು ಗೊತ್ತಿಲ್ಲ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಗದಗ ತಾಲೂಕಿನಲ್ಲಿ ಎತ್ತು, ಎಮ್ಮೆ ಬಲ್ಲವನು ಯಾರೆಂದರೆ ಸಣ್ಣ ಮಗುವೂ ಹಿರೇಹಂದಿಗೋಳದ ವಿರೂಪಾಕ್ಷಪ್ಪನ ಹೆಸರು ಹೇಳುತ್ತದೆ. ಊರ ಶಾಲೆಯಲ್ಲಿ ಏಳನೇ ಇಯತ್ತೆ ಕಲಿತು ಮುಲ್ಕಿ ಪರೀಕ್ಷೆಯನ್ನು ಎರಡೇ ಸಲ ಕೂತು ಪಾಸು ಮಾಡಿದವನು ನಾನು.

ಇವತ್ತು ನಮ್ಮ ಹಾಲಿನ ಸಂಘಕ್ಕೆ ಕಂಪ್ಯೂಟರ್ ಬಂತು. ಎಮ್ಮೆಗಳ ಹೆಸರು, ತಳಿ, ಈದ ತಾರೀಖು, ಚುಚ್ಚುಮದ್ದು ಎಲ್ಲ ಇನ್ನು ಅದರೊಳಗೆ. ಮೇಲಿನ ಕಚೇರಿಯಲ್ಲಿ ಎರಡು ವರ್ಷ ದುಡಿದ ಯಂತ್ರ. ಜೊತೆಗೆ ಬರಬೇಕಿದ್ದ ಪುಸ್ತಕ ಮಾತ್ರ ಬರಲಿಲ್ಲ. ಯಂತ್ರ ಇಟ್ಟ ಕೋಣೆಗೆ ತಂಪು, ಅಂದರೆ ಎ.ಸಿ., ಹಾಕಿದ್ದಾರೆ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಒಳಗೆ ನಿಂತರೆ ಗದಗಿನಲ್ಲಿದ್ದೇವೆ ಅನಿಸುವುದಿಲ್ಲ.

ಸೆಕ್ರೆಟರಿ ನಿಜಲಿಂಗಪ್ಪನವರು ಎಲ್ಲರನ್ನೂ ಕೂಡಿಸಿ, "ಇದನ್ನ ನಡಸಾಕ ಯಾರಿಗರ ಬರತೈತೇನ್ರಿ?" ಎಂದರು. ಎಲ್ಲರೂ ಕಾಲು ನೋಡಿಕೊಂಡರು. "ಪುಣೇದಾಗ ನಾಕ ದಿನ ನಡಿಸೇನ್ರಿ" ಎಂದೆ. ಪುಣೆಯಲ್ಲಿ ಗಾಜಿನ ಆಚೆಯಿಂದ ಒಂದು ಕಂಪ್ಯೂಟರಿನ ಬೆನ್ನು ನೋಡಿದ್ದು ಖರೆ. ಉಳಿದದ್ದನ್ನು ಬಾಯಿ ತಾನೇ ಸೇರಿಸಿತು.

ಆಗ ಲಕ್ಷ್ಮೇಶ್ವರದ ಕೇಂದ್ರದ ಪುಂಡಲೀಕಪ್ಪ ಎದ್ದು, "ನನಗ ಬರೂದಿಲ್ಲರಿ, ಆದ್ರ ಕಲೀತೀನಿ" ಎಂದ. ಈ ಪುಂಡಲೀಕಪ್ಪ ನನ್ನ ಹೆಂಡತಿ ಗದಿಗೆವ್ವನ ಖಾಸ ತಮ್ಮ. ಬರುವುದಿಲ್ಲ ಎಂದು ನಾಲ್ಕು ಜನರೆದುರು ಹೇಳುವವನು ಮುಂದೆ ಬರುವುದುಂಟೆ?

ಸೆಕ್ರೆಟರಿ ಇಬ್ಬರ ಹೆಸರನ್ನೂ ಬರೆದುಕೊಂಡರು. ಫೆಬ್ರವರಿ ೨೦ಕ್ಕೆ ಮೇಲಿನ ಕಚೇರಿಯಿಂದ ಜಯತೀರ್ಥ ಸಾಹೇಬರು ಬಂದು ಪರೀಕ್ಷೆ ಮಾಡುತ್ತಾರೆ. ಗೆದ್ದವನ ಊರಿಗೆ ಯಂತ್ರ, ಗೆದ್ದವನ ಕೈಗೆ ತಂಪು ಕೋಣೆಯ ಕೀಲಿ. ಸೋತವನು ಮೊದಲಿನಂತೆ ಸೈಕಲ್ ತುಳಿಯುತ್ತಾ ಹಳ್ಳಿ ಹಳ್ಳಿಯ ಎಮ್ಮೆಗಳ ಬಾಲ ಎಣಿಸಬೇಕು.

ಸಂಜೆ ಪೇಂಟರನ ಬಳಿ ಹೋಗಿ 'ವಿರೂಪಾಕ್ಷಪ್ಪ, ಕಂಪ್ಯೂಟರ್ ಮುಖ್ಯಸ್ಥರು' ಎಂದು ಬೋರ್ಡು ಬರೆಯಲು ಹೇಳಿ ಬಂದೆ.

೩ ಜನವರಿ, ರವಿವಾರ

ಪುಸ್ತಕ ಆರಿಸುವುದಕ್ಕೂ ಎತ್ತು ಆರಿಸುವುದಕ್ಕೂ ಏನೂ ಭೇದವಿಲ್ಲ ಎಂದು ಇಂದು ಸಿದ್ಧ ಮಾಡಿದೆ.

ಸ್ಟೇಷನ್ ಹತ್ತಿರ ಅಬ್ದುಲಗನಿಯ ಹಳೇ ಪುಸ್ತಕದ ಅಂಗಡಿ ಇದೆ. ಅವನ ಅಪ್ಪ ದನದ ವ್ಯಾಪಾರಿ, ನನ್ನ ಗೆಳೆಯ. ಕಂಪ್ಯೂಟರಿನ ಪುಸ್ತಕ ಎಂದೊಡನೆ ಗೋಣಿಚೀಲದಿಂದ ಎರಡು ತೆಗೆದಿಟ್ಟ. ಒಂದು ದಪ್ಪ, ಒಂದು ಬಡಕಲು.

ಮೊದಲು ಬೆನ್ನು ಸವರಿದೆ. ದಪ್ಪನದರ ಬೆನ್ನು ನೆಟ್ಟಗೆ, ಎಲ್ಲೂ ಕುಸಿದಿಲ್ಲ. ಆಮೇಲೆ ಹಲ್ಲು, ಅಂದರೆ ಪುಟಗಳು. ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಒಂದೂ ಉದುರಲಿಲ್ಲ. ನೆಲಕ್ಕೆ ಹಾಕಿ ನೋಡಿದೆ. ಧಡ್ ಎಂದಿತು. ಅಂಗಡಿಯ ಬೆಕ್ಕು ಓಡಿತು. ಕೊನೆಗೆ ಸುಳಿ. ಎತ್ತಿನ ಮೈಮೇಲೆ ಕೂದಲ ಸುಳಿ ಎಲ್ಲಿದೆ ಎನ್ನುವುದರ ಮೇಲೆ ಕೊಂಡವನ ಮನೆಯ ಗತಿ. ದಪ್ಪನದರ ಮೇಲೆ ಒಂದು ಕಲೆ ಇಲ್ಲ. ಬಡಕಲು ಪುಸ್ತಕದ ಮುಖದ ಮೇಲೆ ಯಾರೋ ಚಹಾದ ಕಪ್ಪು ಇಟ್ಟ ದುಂಡನೆಯ ಗುರುತು. ಸರಿಯಾಗಿ ಹಣೆಯ ಮೇಲೆ! ಇಂಥ ಸುಳಿಯದನ್ನು ಪುಕ್ಕಟೆ ಕೊಟ್ಟರೂ ನಮ್ಮ ಮಂದಿ ಒಯ್ಯುವುದಿಲ್ಲ.

"ಕಾಕಾ, ಒಳಗ ಏನೈತಿ ನೋಡೂದಿಲ್ಲೇನು?" ಎಂದ ಅಬ್ದುಲಗನಿ.

"ಎತ್ತಿನ ಒಳಗ ಯಾರರ ನೋಡತಾರೇನಲೇ?"

"ಯಾವ ಕಂಪ್ಯೂಟರಿಗೆ ಬೇಕಾಗಿತ್ತು?"

"ಕಂಪ್ಯೂಟರಿಗೆ."

ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು, ದನದ ಪೇಟೆಯ ಪದ್ಧತಿಯಂತೆ ಬಾಯಿ ಬಿಡದೆ ವ್ಯಾಪಾರ ಮುಗಿಸಿದೆವು. ಪುಸ್ತಕದಂಗಡಿಯಲ್ಲಿ ಟವೆಲ್ ಹಾಕಿದ್ದನ್ನು ನೋಡಲು ಹತ್ತು ಜನ ಕೂಡಿದ್ದರು. ಟಾಂಗಾದ ಕುದುರೆಯೂ ತಿರುಗಿ ನೋಡಿತು.

೫ ಜನವರಿ, ಮಂಗಳವಾರ

ಪುಸ್ತಕವನ್ನು ಕಂಕುಳಲ್ಲಿ ಹಿಡಿದು ಚಹಾದಂಗಡಿಗೆ ಹೋದೆ. ಇಬ್ಬರು ಎದ್ದು ಜಾಗ ಬಿಟ್ಟರು. "ಎಷ್ಟ ಓದಿದ್ರಿ ಕಾಕಾ?" ಎಂದು ಒಬ್ಬ ಕೇಳಿದ. "ಅರ್ಧಾ" ಎಂದೆ. ಅರ್ಧ ಪುಟವಾದರೂ ಅರ್ಧವೇ.

ಕಂಕುಳು ನೋಯುತ್ತಿದೆ. ವಿದ್ಯೆಯ ತೂಕ ಇದು.

೭ ಜನವರಿ, ಗುರುವಾರ

ಯಂತ್ರ ಹಟಮಾರಿ. ದಪ್ಪ ಪುಸ್ತಕ ನೋಡಿ ಅಕ್ಷರಕ್ಕೆ ಅಕ್ಷರ ಒತ್ತಿದೆ. ಹಸಿರು ಅಕ್ಷರದಲ್ಲಿ ಒಂದು ಸಾಲು ಬಂತು. ಇನ್ನೊಂದು ಒತ್ತಿದೆ. ಅದೇ ಸಾಲು. ಮೆಲ್ಲಗೆ ಒತ್ತಿದೆ, ಜೋರಾಗಿ ಒತ್ತಿದೆ, ಊದಿನಕಡ್ಡಿ ಹಚ್ಚಿ ಒತ್ತಿದೆ. ಅದೇ ಸಾಲು. ಕಚೇರಿಯ ಸಿಪಾಯಿಗೆ, "ಇದು ಸುರುವಾತಿನ್ಯಾಗ ಹಿಂಗ ನಮಸ್ಕಾರ ಹೇಳತೈತಿ" ಎಂದೆ. ಅವನು ತಿರುಗಿ ಅದಕ್ಕೆ ನಮಸ್ಕಾರ ಮಾಡಿದ.

ನನಗೆ ಇಂಗ್ಲಿಷ್ ಅಕ್ಷರ ಬರುತ್ತವೆ, ಅರ್ಥ ಬರುವುದಿಲ್ಲ. ಆ ಸಾಲನ್ನು ಎಡ ಅಂಗೈ ಮೇಲೆ ಬರೆದುಕೊಂಡು, ಯಂತ್ರ ಹಚ್ಚಿದಾಗ ಮೊದಲು ಬರುವ ಸಾಲನ್ನು ಮುಂಗೈ ಮೇಲೆ ಬರೆದುಕೊಂಡು, ನಮ್ಮ ಓಣಿಯ ಸರಸ್ವತಿಬಾಯಿ ಅಕ್ಕೋರ ಮನೆಗೆ ಹೋದೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದವರು. ಕಂಪ್ಯೂಟರ್ ಕಂಡವರಲ್ಲ.

ಕನ್ನಡಕ ಏರಿಸಿ ನನ್ನ ಅಂಗೈ ಓದಿದರು. "'ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್.' ಅಂದ್ರ ನೀವು ಹೇಳಿದ ಅಪ್ಪಣೆ ಅದಕ್ಕ ತಿಳೀಲಿಲ್ಲಂತ ವಿರೂಪಾಕ್ಷಪ್ಪನವರ."

"ಅದಕ್ಕ ತಿಳೀಲಿಲ್ಲಂದ್ರ ತಪ್ಪು ಅದರದಲ್ಲೇನ್ರಿ ಅಕ್ಕೋರ?"

"ನೀವು ಎಮ್ಮೀಗೆ ಇಂಗ್ಲೀಷಿನ್ಯಾಗ ಅತ್ತಾಗ ಸರಿ ಅಂದ್ರ ಅದು ಸರೀತದೇನು? ಎಲ್ಲಿ, ಪುಸ್ತಕ ತೋರಸ್ರಿ."

ಪುಸ್ತಕದ ಮುಖ ಓದಿದರು, ನನ್ನ ಮುಂಗೈ ಓದಿದರು, ಮತ್ತೆ ಪುಸ್ತಕದ ಮುಖ ಓದಿದರು. ಮುನ್ನುಡಿಯನ್ನು ಬಾಯಲ್ಲೇ ಓದಿ ನಕ್ಕರು. ಅವರು ಹೇಳಿದ್ದು ಇಷ್ಟು: ಪ್ರತಿ ಯಂತ್ರದೊಳಗೂ ಮನೆ ನಡೆಸುವ ಹಿರೇ ಸೊಸೆಯಂಥದ್ದು ಒಂದಿರುತ್ತದೆ. ಯಾವ ಸಾಮಾನು ಎಲ್ಲಿಡಬೇಕು, ಯಾರ ಕೆಲಸ ಮೊದಲು ಎಲ್ಲ ಅದೇ ನೋಡುವುದು. ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ನಮ್ಮ ಯಂತ್ರದ ಹಿರೇ ಸೊಸೆಯ ಹೆಸರು ಡಾಸ್. ನನ್ನ ಪುಸ್ತಕದಲ್ಲಿರುವವಳು ಯುನಿಕ್ಸ್, ಬೇರೆ ಮನೆಯವಳು.

"ಯಂತ್ರ ಯಾವುದಂತ ನೋಡದೇ ಪುಸ್ತಕ ಹೆಂಗ ಆರಿಸಿದ್ರಿ?"

"ಸುಳಿ ನೋಡಿರಿ."

ಅಕ್ಕೋರು ಬಹಳ ಹೊತ್ತು ಸೆರಗಿನಿಂದ ಕನ್ನಡಕ ಒರೆಸಿದರು. "ನಿಮ್ಮ ಪ್ರಶ್ನೆ ಒಂದು ಚೀಟಿ ಮ್ಯಾಲ ಬರಕೊಂಡು ಹೋಗ್ರಿ. ಪುಸ್ತಕದ ಕಡೀ ಪುಟದಾಗ ಶಬ್ದಗಳ ಯಾದಿ ಇರ್ತದ. ಆ ಯಾದಿಯೊಳಗ ನಿಮ್ಮ ಪ್ರಶ್ನೆ ಸಿಕ್ಕು, ಅಲ್ಲಿ ಹೇಳಿದ ಪುಟದಾಗ ಉತ್ತರ ಇದ್ರ ಅದು ನಿಮ್ಮ ಪುಸ್ತಕ. ದಪ್ಪ ಎಷ್ಟರ ಇರಲಿ."

ಬಾಲ ನೋಡಿ ಆರಿಸು ಎಂದು ಹೇಳುವ ಬದಲು ಇಷ್ಟೆಲ್ಲ ಹೇಳಿದರು. ಎತ್ತಿನ ಬಾಲ ನೋಡುವುದು ನನಗೆ ಮೊದಲಿನಿಂದಲೂ ಗೊತ್ತೇ ಇತ್ತು.

೯ ಜನವರಿ, ಶನಿವಾರ

ಇಂಥ ವ್ಯಾಪಾರ ನನ್ನ ಜನ್ಮದಲ್ಲಿ ಮಾಡಿಲ್ಲ. ಯಂತ್ರ ನೋಡಲು ಪುಂಡಲೀಕಪ್ಪ ಬಂದಿದ್ದ.

"ಮಾಮಾ, ಯಾವ ಪುಸ್ತಕ ಓದಲಿ? ನೀ ಪುಣೇದಾಗ ಕಲತಾಂವ."

ನಗು ಹೊಟ್ಟೆಯಲ್ಲೇ ಹಿಡಿದು, ದಪ್ಪ ಪುಸ್ತಕವನ್ನು ಎದೆಗವಚಿಕೊಂಡೆ. "ನನ್ನ ಜೀವಾನ ಇದರಾಗ ಐತಪಾ. ಬ್ಯಾರೆ ಯಾರರ ಆಗಿದ್ರ ಕೊಡತಿದ್ದಿಲ್ಲ. ನೀ ಮನಿ ಹುಡುಗ. ಒಯ್ಯಿ. ಪುಟ ಪುಟ ಬಾಯಿಪಾಠ ಮಾಡು."

ಅವನು ನನ್ನ ಕಾಲು ಮುಟ್ಟಿದ. ಬೇಡ ಬೇಡ ಎಂದರೂ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಒಂದು ಚೀಲ ಶೇಂಗಾ ಕಳಿಸಿದ. ಬೇರೆ ಮನೆಯ ಸೊಸೆ ಲಕ್ಷ್ಮೇಶ್ವರಕ್ಕೆ ಹೋದಳು, ಶೇಂಗಾ ಗದಗಿಗೆ ಬಂತು. ಕೀಲಿ ನನ್ನ ಕಿಸೆಯಲ್ಲೇ ಇದೆ ಎಂದು ತಿಳಿ, ವಿರೂಪಾಕ್ಷಪ್ಪಾ.

೧೦ ಜನವರಿ, ರವಿವಾರ

ಚೀಟಿ ಹಿಡಿದು ಅಬ್ದುಲಗನಿಯ ಅಂಗಡಿಗೆ ಹೋದೆ. ಬಡಕಲು ಪುಸ್ತಕ ನೀರಿನ ಹರವಿಯ ಮೇಲೆ ಮುಚ್ಚಳವಾಗಿತ್ತು. ಅದರ ಮೇಲೆ ತಂಬಿಗೆ. ಈಗ ಎರಡು ಸುಳಿ.

ಯಂತ್ರದ್ದು ಡಾಸ್ ಎಂದೊಡನೆ ಅಬ್ದುಲಗನಿ ಅದನ್ನೆತ್ತಿ, ಹುಬ್ಬಳ್ಳಿಯಿಂದ ತರಿಸಿದ್ದ ಇನ್ನೆರಡು ಡಾಸ್ ಪುಸ್ತಕಗಳನ್ನೂ ಮುಂದಿಟ್ಟ. ಮೂರನ್ನೂ ಬೋರಲು ಹಾಕಿ ಬಾಲದಿಂದ ನೋಡಿದೆ. ಒಂದಕ್ಕೆ ಬಾಲವೇ ಇಲ್ಲ. ಇನ್ನೊಂದಕ್ಕೆ ಬಾಲವಿದೆ, ನನ್ನ ಚೀಟಿಯ ಸಾಲು ಇಲ್ಲ. ಬಡಕಲು ಪುಸ್ತಕದ ಬಾಲದಲ್ಲಿ ನನ್ನ ಸಾಲು, ಎದುರಿಗೆ ಹನ್ನೊಂದು. ಹನ್ನೊಂದನೆಯ ಪುಟ ತೆಗೆದರೆ ಅಲ್ಲಿ ಅದೇ ಸಾಲು ದಪ್ಪ ಅಕ್ಷರದಲ್ಲಿ!

"ಕಾಕಾ, ಸುಳಿ?" ಎಂದ ಅಬ್ದುಲಗನಿ.

"ಮುಚ್ಚಲೇ, ಕಟ್ಟು" ಎಂದೆ.

ಹನ್ನೊಂದನೆಯ ಪುಟವನ್ನು ಅಕ್ಕೋರು ಓದಿ ಹೇಳಿದರು: ಹೊಸದಾಗಿ ಕಲಿಯುವವರೆಲ್ಲರಿಗೂ ಮೊದಲು ಈ ಸಾಲೇ ಕಾಣುತ್ತದೆ, ಹೆದರಬೇಡಿ. ನಾನೇನು ಹೆದರಿರಲಿಲ್ಲ. ಆದರೂ ಆ ಸಾಲನ್ನು ಅವರಿಂದ ಎರಡು ಸಲ ಓದಿಸಿದೆ.

೧೬ ಜನವರಿ, ಶನಿವಾರ

ಸಂಕ್ರಮಣಕ್ಕೆ ಬಂದ ಪುಂಡಲೀಕಪ್ಪ ಇನ್ನೂ ಇಲ್ಲೇ ಇದ್ದಾನೆ. ದಪ್ಪ ಪುಸ್ತಕವನ್ನು ಹೊಸ ರವಿಕೆ ಖಣದಲ್ಲಿ ಸುತ್ತಿ ತಂದಿದ್ದಾನೆ. ದಿನಾ ಪೂಜೆ ಮಾಡಿ ಹತ್ತು ಪುಟ ಬಾಯಿಪಾಠ ಮಾಡುತ್ತಾನಂತೆ. ಕಣ್ಣು ಮುಚ್ಚಿ ನಲವತ್ತನೆಯ ಪುಟವನ್ನು ಹೇಳಿಯೂ ತೋರಿಸಿದ. ಒಂದಕ್ಷರ ಅರ್ಥವಿಲ್ಲ, ಒಂದಕ್ಷರ ತಪ್ಪಿಲ್ಲ.

"ಅಕ್ಕಾ, ಮಾಮಾ ತನ್ನ ಜೀವಾನ ಕೊಟ್ಟಾನ ನನಗ" ಎಂದ.

ಗದಿಗೆವ್ವ ನನ್ನ ಕಡೆ ನೋಡಿದಳು. ಮದುವೆಯಾದಾಗಿನಿಂದ ಹಾಗೆ ನೋಡಿದ್ದು ಇದೇ ಮೊದಲು. "ನನ್ನ ತವರುಮನ್ಯಾರಿಗೆ ಇಷ್ಟ ವರ್ಷದಾಗ ಒಂದ ಒಳ್ಳೇದ ಮಾಡೀರಿ ನೋಡ್ರಿ" ಎಂದು ಮಾದಲಿಯ ಮೇಲೆ ಇನ್ನೊಂದು ಸೌಟು ತುಪ್ಪ ಹಾಕಿದಳು.

ಮಾದಲಿಗೆ ಬೆಲ್ಲ ಜಾಸ್ತಿಯಾಗಿತ್ತು. ಅರ್ಧಕ್ಕೇ ಎದ್ದೆ.

೨೧ ಜನವರಿ, ಗುರುವಾರ

ತಿಳಿಯಿತು! ತಿಳಿಯಿತು! ದಿನಾ ಸಂಜೆ ಅಕ್ಕೋರ ಹತ್ತಿರ ಪುಸ್ತಕದ ಇಂಗ್ಲಿಷ್ ಕಲಿತದ್ದು ಕೈಗೆ ಬಂತು.

ಯಂತ್ರದ ಒಳಗೆ ಇರುವುದೆಲ್ಲ ದನದ ಕೊಟ್ಟಿಗೆ. ಡೈರೆಕ್ಟರಿ ಎನ್ನುವುದು ಒಂದು ಕೊಟ್ಟಿಗೆ, ಫೈಲು ಎನ್ನುವುದು ಎಮ್ಮೆ. ಎಂ.ಡಿ. ಎಂದರೆ ಹೊಸ ಕೊಟ್ಟಿಗೆ ಕಟ್ಟು. ಸಿ.ಡಿ. ಎಂದರೆ ಒಳಗೆ ಹೋಗು. ಸಿ.ಡಿ. ಎಂದು ಎರಡು ಚುಕ್ಕೆ ಇಟ್ಟರೆ ಹೊರಗೆ ಬಾ. ಡಿ.ಐ.ಆರ್. ಎಂದರೆ ಬಾಗಿಲಲ್ಲಿ ನಿಂತು ಯಾರು ಯಾರು ಇದ್ದಾರೆ ಕೂಗು. ಪುಸ್ತಕದಲ್ಲಿ ಗಿಡದ ಚಿತ್ರ ಹಾಕಿ ಕೊಂಬೆ, ಬೇರು ಎಂದು ಏನೇನೋ ಹೇಳಿದ್ದಾರೆ. ಕೊಟ್ಟಿಗೆ ಎಂದಿದ್ದರೆ ಒಂದೇ ದಿನಕ್ಕೆ ತಿಳಿಯುತ್ತಿತ್ತು.

ಡಾಸ್ ಸೊಸೆ ಜಿಪುಣಿ. ಹೆಸರಿಗೆ ಎಂಟೇ ಅಕ್ಷರ ಕೊಡುತ್ತಾಳೆ. ನನ್ನೂರಿನ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಿದರೆ 'ಹಿರೇಹಂದ್'ಗೆ ಕತ್ತರಿಸಿಬಿಟ್ಟಳು. ಸಿಟ್ಟು ಬಂತು. ಲಕ್ಷ್ಮೇಶ್ವರ ಒತ್ತಿದೆ. ಅದನ್ನೂ ಅರ್ಧಕ್ಕೇ ಕಡಿದಳು. ಸಮಾಧಾನವಾಯಿತು. ಶಿರಹಟ್ಟಿಯ ಬಾಲವೂ ಹೋಯಿತು. ಮುಂಡರಗಿ ಮಾತ್ರ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಎಂಟಕ್ಕೆ ಎಂಟು ಕೂತಿತು. ಮುಂಡರಗಿಯವರಿಗೆ ಇದು ಗೊತ್ತಾಗದಿರಲಿ, ಸೊಕ್ಕು ಏರಿಬಿಡುತ್ತದೆ.

ಚಹಾದಂಗಡಿಯಲ್ಲಿ ಹೇಳಿದೆ. "ಹೌದ್ರಿ ಕಾಕಾ" ಎಂದು ಚಹಾ ಕುಡಿದರು. ಗದಿಗೆವ್ವನಿಗೆ ಹೇಳಿದೆ. "ಕೊಟಗಿ ಕಸಾ ಬಳೀರಿ ಮೊದಲ" ಎಂದಳು. ಕೊನೆಗೆ ಎಮ್ಮೆಗೇ ಹೇಳಿದೆ. ಅದು ಸರಿಯಾಗಿ ಕೇಳಿತು. ಇದನ್ನು ಕೇಳಿ ಎರಡು ಪ್ರಶ್ನೆ ತಿರುಗಿ ಕೇಳುವವನು ನಾಲ್ಕು ತಾಲೂಕಿನಲ್ಲಿ ಒಬ್ಬನೇ ಇದ್ದಾನೆ. ಅವನು ಲಕ್ಷ್ಮೇಶ್ವರದಲ್ಲಿ ಖಣ ಬಿಚ್ಚಿ ಬೇರೆ ಮನೆ ಸೊಸೆಯ ಐವತ್ತನೆಯ ಪುಟ ಬಾಯಿಪಾಠ ಮಾಡುತ್ತಿದ್ದಾನೆ. ಮಾಡಲಿ.

೨೭ ಜನವರಿ, ಬುಧವಾರ

ಹಿರೇಹಂದಿಗೋಳದ ಕೊಟ್ಟಿಗೆಯಲ್ಲಿ ಒಂದು ಎಮ್ಮೆಯ ಹೆಸರು ತಪ್ಪಾಗಿತ್ತು. ಅದೊಂದನ್ನು ಅಳಿಸಬೇಕಿತ್ತು. ಪುಸ್ತಕದಲ್ಲಿ ಅಳಿಸುವ ಪುಟವನ್ನು ಅರ್ಧ ಓದಿ, ಉಳಿದರ್ಧ ನನ್ನಂಥವನಿಗೆ ಬೇಕಿಲ್ಲವೆಂದು ನಕ್ಷತ್ರ, ಚುಕ್ಕೆ, ನಕ್ಷತ್ರ ಒತ್ತಿದೆ.

ಯಂತ್ರ ಕೇಳಿತು: "ಆರ್ ಯು ಶ್ಯೂರ್?" ಶ್ಯೂರ್ ಅಂದರೆ ಖಾತ್ರಿ ಎಂದು ಅಕ್ಕೋರು ಕಲಿಸಿದ್ದರು. ನನ್ನನ್ನು, ಈ ವಿರೂಪಾಕ್ಷಪ್ಪನನ್ನು, ನಿನಗೆ ಖಾತ್ರಿ ಇದೆಯೇ ಎಂದು ಕೇಳುತ್ತದೆ! ಮೈಯೆಲ್ಲ ಉರಿದು 'ವೈ' ಗುಂಡಿಯನ್ನು ಗುದ್ದಿದೆ.

ನೂರಾ ಹದಿನಾಲ್ಕು ಎಮ್ಮೆ ಹೋದವು.

ಉಳಿದರ್ಧ ಪುಟವನ್ನು ಅಕ್ಕೋರು ಓದಿ ಹೇಳಿದರು. ನಕ್ಷತ್ರ ಎಂದರೆ ಎಲ್ಲ. ಕಾಗದದ ರಿಜಿಸ್ಟರ್ ಇತ್ತಲ್ಲ ಎಂದರು. ಯಂತ್ರ ಬಂದ ಮೇಲೆ ಕಾಗದ ಯಾಕೆಂದು ಅದನ್ನು ಶೇಂಗಾ ಕಟ್ಟಿ ಹಂಚಲು ಹರಿದಿದ್ದೆ ಎಂದು ಹೇಳಬೇಕಾಯಿತು.

೩೧ ಜನವರಿ, ರವಿವಾರ

ಮೂರು ದಿನ ಹಿರೇಹಂದಿಗೋಳದಲ್ಲಿ ಮನೆ ಮನೆಗೆ ತಿರುಗಿ ಮತ್ತೆ ಹೆಸರು ಬರೆದುಕೊಂಡೆ. ಬೀರವ್ವ ಬಾಗಿಲಲ್ಲೇ ನಿಂತು, "ಹ್ವಾದ ವಾರ ಬರಕೊಂಡ ಹ್ವಾದ್ಯೆಲ್ಲೋ ಯಪ್ಪಾ, ನುಂಗಿದ್ಯೇನು?" ಎಂದಳು.

"ಅಳಿಸಿಬಿಟ್ಟೆ ಬೇ" ಎಂದೆ. ಯಂತ್ರ ಅಳಿಸಿತು ಎನ್ನಬಹುದಿತ್ತು, ಹೊಳೆಯಲಿಲ್ಲ. ದಣಿದಿದ್ದೆ.

ಬೀರವ್ವ ಮಜ್ಜಿಗೆ ಕೊಟ್ಟಳು. ಬೇರೆಯವರೂ ಕೊಟ್ಟರು. ಹೊಟ್ಟೆ ತುಂಬ ಮಜ್ಜಿಗೆ.

೨ ಫೆಬ್ರವರಿ, ಮಂಗಳವಾರ

ಪುಂಡಲೀಕಪ್ಪನನ್ನು ಚುಡಾಯಿಸಿ ಬರೋಣವೆಂದು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಬಡಕಲು ಪುಸ್ತಕ ಅಕಸ್ಮಾತ್ ಕೈಚೀಲದಲ್ಲಿ ಉಳಿದಿತ್ತು.

ಅವನು ತೊಂಬತ್ತನೆಯ ಪುಟಕ್ಕೆ ಬಂದಿದ್ದ. ಕಣ್ಣು ಕೆಂಪಗಾಗಿದ್ದವು. "ಮಾಮಾ, ಬಾಯಿಗೆ ಬರತೈತಿ, ತೆಲಿಗೆ ಬರವಲ್ದು. ನಂದ ದಡ್ಡತಲಿ" ಎಂದ.

ಖರೆ ಹೇಳಲು ಬಾಯಿ ತೆರೆದೆ. "ಏ, ಯಂತ್ರ ಬದಲಿ ಮಾಡ್ಯಾರಪಾ. ಅದಕ್ಕ ಪುಸ್ತಕಾನೂ ಬದಲಿ" ಎಂದು ಹೊರಗೆ ಬಂತು. ಹೀಗೆ ಬಡಕಲು ಪುಸ್ತಕ ಚೀಲದಿಂದ ಹೊರಬಿತ್ತು.

ಅಲ್ಲಿ ಯಂತ್ರವಿಲ್ಲ. ಕಲಿಸುವುದು ಹೇಗೆ? ಹಿತ್ತಲಲ್ಲಿ ಅವನ ಕೊಟ್ಟಿಗೆ ಇತ್ತಲ್ಲ. ನಾನು ಅಂಗಳದಲ್ಲಿ ನಿಂತು "ಸಿ.ಡಿ. ಎಮ್ಮಿ!" ಎಂದು ಕೂಗುವುದು, ಅವನು ಎಮ್ಮೆಯ ಕೊಟ್ಟಿಗೆಗೆ ನುಗ್ಗುವುದು. "ಡಿ.ಐ.ಆರ್.!" ಎಂದರೆ ಒಳಗಿರುವ ದನಗಳ ಹೆಸರು ಕೂಗುವುದು. "ಸಿ.ಡಿ. ಚುಕ್ಕಿ ಚುಕ್ಕಿ!" ಎಂದರೆ ಹೊರಗೆ ಓಡಿ ಬರುವುದು. ಮೂರನೆಯ ಸಲ ಅವನು, "ಮಾಮಾ, ನಾ ಎಮ್ಮಿ ಕೊಟಗ್ಯಾಗ ನಿಂತು ಸೀದಾ ಎತ್ತಿನ ಕೊಟಗಿಗೆ ಹಾರಬಹುದೇನು, ಹೊರಗ ಬರಲಾರದ?" ಎಂದ. ನನಗೆ ಹೊಳೆಯದ ಪ್ರಶ್ನೆ ಅದು! ಇಬ್ಬರೂ ನೆಲದ ಮೇಲೆ ಕೂತು ಬಾಲದ ಯಾದಿಯಲ್ಲಿ ಹುಡುಕಿದೆವು. ಹಾರಬಹುದಂತೆ, ಪೂರಾ ದಾರಿ ಹೇಳಿದರೆ.

ಅತ್ತೆ ರೇಣುಕವ್ವ ಹಿತ್ತಲಿಗೆ ಬಂದು ಬಹಳ ಹೊತ್ತು ನೋಡಿದಳು. "ಅಳಿಯಂದ್ರ, ಇಬ್ಬರಿಗೂ ಕೂಡೇ ಹಿಡದೈತೋ, ಒಬ್ಬರಿಂದ ಒಬ್ಬರಿಗೆ ಹತ್ತೈತೋ?" ಎಂದು ಲಿಂಬೆಹಣ್ಣು ಹುಡುಕಲು ಹೋದಳು.

ಕೊನೆಯ ಬಸ್ಸಿಗೆ ಬಂದೆ. ಚುಡಾಯಿಸುವುದು ಮರೆತೇ ಹೋಯಿತು.

೧೨ ಫೆಬ್ರವರಿ, ಶುಕ್ರವಾರ

ಇಂದು ಮೂರನೆಯ ಸಲ ಲಕ್ಷ್ಮೇಶ್ವರ. ಎಷ್ಟು ಕಲಿತಿದ್ದಾನೆಂದು ಎದುರಾಳಿಯ ಬಲ ನೋಡಿಕೊಳ್ಳಬೇಕಲ್ಲ, ಅದಕ್ಕೆ. ಚೆನ್ನಾಗಿ ಕಲಿತಿದ್ದಾನೆ. ಪುಸ್ತಕ ಅವನ ಬಳಿಯೇ ಬಿಟ್ಟು ಬಂದೆ. ನನಗೆಲ್ಲ ಬರುತ್ತದೆ.

೧೩ ಫೆಬ್ರವರಿ, ಶನಿವಾರ

ಪುಸ್ತಕ ಬಿಟ್ಟು ಬರಬಾರದಿತ್ತು.

೨೦ ಫೆಬ್ರವರಿ, ಶನಿವಾರ

ಸರಿಯಾಗಿ ಬರೆದಿಡುತ್ತೇನೆ. ಮುಂದೆ ಇದನ್ನು ಬೇರೆ ಥರ ಹೇಳುವವನಿದ್ದೇನೆ.

ಜಯತೀರ್ಥ ಸಾಹೇಬರು ಸಣ್ಣ ಆಳು, ಮೆತ್ತಗಿನ ದನಿ. ಕೋಣೆಯಲ್ಲಿ ಸೆಕ್ರೆಟರಿ, ನಾವಿಬ್ಬರು, ಬಾಗಿಲ ಗಾಜಿಗೆ ಮೂಗು ಒತ್ತಿ ಇಡೀ ಸಂಘ.

ಮೊದಲು ಪುಂಡಲೀಕಪ್ಪ. ನಾಲ್ಕೂ ಊರಿನ ಕೊಟ್ಟಿಗೆ ಕಟ್ಟಿದ, ಒಳಗೆ ಹೋದ, ಹೊರಗೆ ಬಂದ, ಎಮ್ಮೆ ಕೊಟ್ಟಿಗೆಯಿಂದ ಎತ್ತಿನ ಕೊಟ್ಟಿಗೆಗೆ ಹಾರಿಯೂ ತೋರಿಸಿದ. ಒಂದು ಸಲವೂ ಕೈ ತಡವರಿಸಲಿಲ್ಲ. ನನ್ನ ಎದೆ ಯಾಕೋ ಉಬ್ಬಿತು. ಆಮೇಲೆ ಇವನು ಎದುರಾಳಿ ಎಂದು ನೆನಪಾಯಿತು.

ನನ್ನ ಸರದಿ. ಅದನ್ನೆಲ್ಲ ನಾನೂ ಮಾಡಿದೆ. ಆಗ ಸಾಹೇಬರು ಕಿಸೆಯಿಂದ ಒಂದು ಫ್ಲಾಪಿ ತೆಗೆದರು. ತೆಳ್ಳಗಿನ ಕಪ್ಪು ಹಪ್ಪಳದಂಥದ್ದು, ಅದರಲ್ಲೇ ಎಲ್ಲ ಬರೆದಿಡುವುದು. "ಇದು ಇದ್ದಂಗ ಇನ್ನೊಂದು ಫ್ಲಾಪಿ ಮಾಡಿಕೊಡ್ರಿ. ಒಂದೊಂದೇ ಫೈಲು ಬ್ಯಾಡ. ಒಂದೇ ಅಪ್ಪಣೆಗೆ ಪೂರಾ."

ಅದು ಗೊತ್ತಿರಲಿಲ್ಲ. ಗಾಜಿನ ಆಚೆ ಚಹಾದಂಗಡಿಯವನೂ ಇದ್ದ. ಪುಣೆಯಲ್ಲಿ ಹಿಂಗ ಮಾಡೂದಿಲ್ಲರಿ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಹಿರೇಹಂದಿಗೋಳದ ಮೂರು ದಿನದ ಮಜ್ಜಿಗೆ ನೆನಪಾಯಿತು.

"ಗೊತ್ತಿಲ್ಲರಿ. ಪುಸ್ತಕ ನೋಡಲೇನ್ರಿ?" ಎಂದೆ.

"ನೋಡ್ರಿ."

ಪುಸ್ತಕ ಇದ್ದದ್ದು ಪುಂಡಲೀಕಪ್ಪನ ಚೀಲದಲ್ಲಿ. ಅವನತ್ತ ಕೈ ಚಾಚಿದೆ. ಕೊಡದಿದ್ದರೆ ಯಂತ್ರ ಅವನದು, ಕೋಣೆ ಅವನದು. ಅವನು ಚೀಲಕ್ಕೆ ಕೈ ಹಾಕಿ, ಅವಸರದಲ್ಲಿ ಮೊದಲು ಖಣದ ಗಂಟು ಎಳೆದು ಮೇಜಿನ ಮೇಲಿಟ್ಟ, ಅದರ ಕೆಳಗಿನಿಂದ ಬಡಕಲು ಪುಸ್ತಕ ತೆಗೆದುಕೊಟ್ಟ. "ಬಾಲದಾಗ ನೋಡು ಮಾಮಾ" ಎಂದು ಮೆಲ್ಲಗೆ ಹೇಳಿದ. ನನಗೇ ಹೇಳುತ್ತಾನೆ!

ಬಾಲದ ಯಾದಿ, ಅರವತ್ತೆರಡನೆಯ ಪುಟ, 'ಡಿಸ್ಕ್ ಕಾಪಿ'. ಈ ಸಲ ಪುಟವನ್ನು ಪೂರ್ತಿ ಓದಿದೆ. ಒತ್ತಿದೆ. ಯಂತ್ರ ಗೊರ್ರ್ ಎಂದು ಮೆಲುಕು ಹಾಕಿ ಕೊಟ್ಟಿತು.

ಸಾಹೇಬರು ಖಣ ಬಿಚ್ಚಿದರು. "ಇದೇನು? ಈ ಪುಸ್ತಕ ಈ ಯಂತ್ರದ್ದಲ್ಲ."

"ಮೊದಲಿನ ಯಂತ್ರದ್ದರಿ. ಯಂತ್ರ ಬದಲಿ ಮಾಡೀರೆಲ್ಲ, ಮಾಮಾ ಹೇಳಿದ" ಎಂದ ಪುಂಡಲೀಕಪ್ಪ.

"ಯಾರೂ ಬದಲಿ ಮಾಡಿಲ್ಲ. ಇದನ್ನ ಆರಿಸಿದವರು ಯಾರು?"

ತಂಪು ಕೋಣೆಯಲ್ಲಿ ಬೆವತೆ. ಪುಂಡಲೀಕಪ್ಪ ಒಮ್ಮೆ ಪುಸ್ತಕ ನೋಡಿದ, ಒಮ್ಮೆ ನನ್ನನ್ನು ನೋಡಿದ.

"ನಾನರಿ" ಎಂದೆ. "ಸುಳಿ ನೋಡಿ ತಂದಿದ್ದೆ. ತಪ್ಪಂತ ಗೊತ್ತಾದ ಮ್ಯಾಲ ಬೇಕಂತನ ಇವಗ ಕೊಟ್ಟೆ. ಇಂವ ತೊಂಬತ್ತು ಪುಟ ಬಾಯಿಪಾಠ ಮಾಡ್ಯಾನ. ಪುಣೇದಾಗೂ ನಾ ಬರೇ ಬೆನ್ನ ನೋಡೇನ್ರಿ, ಕಂಪ್ಯೂಟರಿಂದು."

ಸೆಕ್ರೆಟರಿ ಬಾಯಿಗೆ ಕರ್ಚೀಫು ಒತ್ತಿದರು. ಪುಂಡಲೀಕಪ್ಪ, "ಒಂದ ಚೀಲ ಶೇಂಗಾ ಕೊಟ್ಟಿದ್ನೆಲ್ಲೋ ಮಾಮಾ!" ಎಂದ. ಹೊರಗಿನವರಿಗೆ ಕೇಳಿಸುವಷ್ಟು ಜೋರಾಗಿ.

"ಹಂಗಾರ ಡಾಸ್ ಕಲಿಸಿದವರು ಯಾರು ನಿಮಗ?" ಎಂದರು ಸಾಹೇಬರು.

ಅವನು ಮೇಜಿನ ಮೇಲಿನ ಖಣವನ್ನು ನಾಲ್ಕು ಮಡಿಕೆ ಮಾಡಿದ. "ಇಂವನರಿ. ಕೊಟಗ್ಯಾಗ" ಎಂದ.

೨೪ ಫೆಬ್ರವರಿ, ಬುಧವಾರ

ಗೆದ್ದೆ!

ಆರ್ಡರ್ ಬಂತು. ಯಂತ್ರ, ತಂಪು, ಕೀಲಿ ಎಲ್ಲ ಲಕ್ಷ್ಮೇಶ್ವರಕ್ಕೆ, ಪುಂಡಲೀಕಪ್ಪನಿಗೆ. ಪುಸ್ತಕ ನೋಡದೆ ನಡೆಸುವವನು ಯಂತ್ರದ ಮುಂದೆ ಕೂಡಬೇಕಂತೆ. ಗೊತ್ತಿಲ್ಲ ಎಂದು ಹೇಳಿ ಪುಸ್ತಕದಲ್ಲಿ ಹುಡುಕುವವನು ಬೇರೆಯವರಿಗೆ ಕಲಿಸಬೇಕಂತೆ. ಶಿರಹಟ್ಟಿ, ಮುಂಡರಗಿಗೆ ಯಂತ್ರ ಬಂದಾಗ ಅಲ್ಲಿಯ ಮಂದಿಗೆ ಯಾವ ಪುಸ್ತಕ ಕೊಳ್ಳಬೇಕೆಂದು ಆರಿಸುವವನು ನಾನು. ಅಂದರೆ ನಾಲ್ಕು ಊರು ನನ್ನ ಕೈಕೆಳಗೆ ಬಂದಂತಾಯಿತು. ಕೀಲಿ ಇಲ್ಲ ಅಷ್ಟೇ. ಸೈಕಲ್ ಇದ್ದೇ ಇದೆ.

ಕೀಲಿಯನ್ನು ನಾನೇ ಒಯ್ದು ಕೊಟ್ಟೆ. ಪುಂಡಲೀಕಪ್ಪ ಇನ್ನೂ ಸಿಟ್ಟಿನಲ್ಲಿದ್ದ. ಕೀಲಿ ಇಸಿದುಕೊಂಡು ಬೆನ್ನು ತಿರುಗಿಸಿ ನಿಂತ. ಅವನ ಅಂಗಳದಿಂದ ಹೊರಡುವಾಗ ಹಿಂದಿನಿಂದ, "ಸಿ.ಡಿ. ಅಡಗಿಮನಿ!" ಎಂದು ಕೂಗಿದ. ಹೋಗಿ ಉಂಡೆ.

ಗದಿಗೆವ್ವ ಎರಡು ದಿನ ನನ್ನ ರೊಟ್ಟಿಗೆ ತುಪ್ಪ ಹಾಕಲಿಲ್ಲ. ಇಂದು ನನ್ನ ಬೋರ್ಡನ್ನು ಜೋಳದ ಹಿಟ್ಟಿನ ಡಬ್ಬಿಗೆ ಮುಚ್ಚಳ ಮಾಡಿದ್ದಾಳೆ. ಅಳತೆ ಸರಿಯಾಗಿದೆ.

೬ ಮಾರ್ಚ್, ರವಿವಾರ

ಡೋಣಿಯ ಮರ್ದಾನಸಾಬ ಎತ್ತು ಕೊಳ್ಳಲು ದನದ ಪೇಟೆಗೆ ಬಂದಿದ್ದ. ಮೂವತ್ತು ವರ್ಷದಿಂದ ಅವನಿಗೆ ಎತ್ತು ಆರಿಸಿ ಕೊಡುವವನು ನಾನೇ. ಒಂದು ದೊಡ್ಡ ಬಿಳಿ ಎತ್ತಿನ ಮುಂದೆ ನಿಲ್ಲಿಸಿ, "ಸುಳಿ ನೋಡಣ್ಣಾ" ಎಂದ.

"ತಡಿ. ನಿನ್ನ ಹೊಲ ಕರೀ ಎರಿಯೋ, ಕೆಂಪು ಮಸಾರಿಯೋ?" ಎಂದೆ.

"ಮಸಾರಿ. ಗುಡ್ಡದ ಬುಡಕ, ಕಲ್ಲ ಭಾಳ. ಯಾಕ?"

"ಬಂಡಿಗೆ ಹೂಡತಿಯೋ, ನೆಲಾ ಉಳೂ ರಂಟಿಗೋ?"

ಅವನು ನನ್ನ ಹಣೆ ಮುಟ್ಟಿ ನೋಡಿದ. "ಜ್ವರಾ ಬಂದೈತೇನು? ಮೂವತ್ತು ವರ್ಷದಾಗ ನೀ ನನ್ನ ಹೊಲಾ ಕೇಳಿದಾಂವಲ್ಲ. ಬೆನ್ನ ಸವರಾಂವ, ಹಲ್ಲ ಎಣಸಾಂವ, ಸುಳಿ ನೋಡಾಂವ, ಟವೆಲ್ ಹಾಕಾಂವ."

"ಯಾವಾಗಲೂ ಕೇಳತಿದ್ದೆ" ಎಂದೆ.

ಯಾವಾಗಲೂ ಕೇಳುತ್ತಿದ್ದೆ. ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಜನರ ನೆನಪು ಬಹಳ ಕಚ್ಚಾ. ಎಲ್ಲರ ತಲೆಯದೂ ಒಂದೊಂದು ಡಿಸ್ಕ್ ಕಾಪಿ ತೆಗೆದಿಡಬೇಕು.

ಬಿಳಿ ಎತ್ತು ಬಿಡಿಸಿ, ಮೂಲೆಯಲ್ಲಿದ್ದ ಒಂದು ಸಣ್ಣ, ಗಟ್ಟಿ ಗೊರಸಿನ ಎತ್ತು ಕೊಡಿಸಿದೆ. ಕಲ್ಲು ಹೊಲಕ್ಕೆ ಅದೇ ಸರಿ. ಹಣೆಯ ಮೇಲೆ ಚಹಾದ ಕಪ್ಪು ಇಟ್ಟಷ್ಟು ದುಂಡನೆಯ ಸುಳಿ ಇತ್ತಂತೆ. ಮರ್ದಾನಸಾಬ ಊರ ತನಕ ಅದನ್ನೇ ಹೇಳುತ್ತಾ ಹೋದನಂತೆ. ನಾನು ನೋಡಲಿಲ್ಲ.